ಸೌನಾದಲ್ಲಿ ತೆಗೆದ ಅಳತೆ

ಆರ್ನೆ ಹಿಲ್ಟುನೆನ್‌ಗೆ ಡಾರ್ಲಾಳ ಬೆರಳಿನ ಅಳತೆ ಗೊತ್ತಿರಲಿಲ್ಲ.

ಅವಳ ಬೂಟಿನ ಅಳತೆ ಗೊತ್ತಿತ್ತು, ಕಾಫಿಗೆ ಎಷ್ಟು ಹಾಲು ಬೇಕೆಂಬುದು ಗೊತ್ತಿತ್ತು, ಯಾವ ಮಾತಿಗೆ ಸಿಟ್ಟು ಬರುತ್ತದೆಂಬುದೂ ಗೊತ್ತಿತ್ತು. ಬೆರಳಿನದೊಂದು ಗೊತ್ತಿಲ್ಲ. ಡಾರ್ಲಾ ಸಲೂನಿನಲ್ಲಿ ಕೂದಲು ಕತ್ತರಿಸುವವಳು. ಉಂಗುರಕ್ಕೆ ಗಿರಾಕಿಗಳ ಕೂದಲು ಸಿಕ್ಕಿಕೊಳ್ಳುತ್ತದೆಂದು ಅವಳು ಕೈಬೆರಳಿಗೆ ಏನನ್ನೂ ಹಾಕುತ್ತಿರಲಿಲ್ಲ. ಕದ್ದು ಅಳತೆ ನೋಡೋಣವೆಂದರೆ ಅವಳ ಬಳಿ ಒಂದು ಹಳೆಯ ಉಂಗುರವೂ ಇರಲಿಲ್ಲ. ನೇರವಾಗಿ ಕೇಳುವಂತೆಯೂ ಇಲ್ಲ. ಹುಡುಗ ಉಂಗುರ ಹಿಡಿದು ಮೊಣಕಾಲೂರುವವರೆಗೆ ಹುಡುಗಿಗೆ ಏನೂ ಗೊತ್ತಿರಬಾರದು; ಗೊತ್ತಿದ್ದರೂ ಗೊತ್ತಿಲ್ಲದವಳಂತೆ ಇರಬೇಕು. ಅವರ ಊರು ಹ್ಯಾನ್‌ಕಾಕ್‌ನಲ್ಲಿ ಅದೇ ಪದ್ಧತಿ.

ಅವಸರಕ್ಕೆ ಕಾರಣವಿತ್ತು. ದೂರದ ಗ್ರೀನ್ ಬೇ ಪಟ್ಟಣದಲ್ಲಿದ್ದ ಡಾರ್ಲಾಳ ಚಿಕ್ಕಮ್ಮ ತನ್ನ ಸಲೂನನ್ನು ಅವಳಿಗೆ ಬಿಟ್ಟುಕೊಡಲು ತಯಾರಾಗಿದ್ದಳು. ಮಾರ್ಚ್ ಬರುವುದರೊಳಗೆ ಡಾರ್ಲಾ ಉತ್ತರ ಹೇಳಬೇಕಿತ್ತು. ಅದಕ್ಕೆ ಮೊದಲೇ ಬೆರಳಿಗೆ ಉಂಗುರ ಏರಿದರೆ ಅವಳು ಇಲ್ಲೇ ಉಳಿಯುತ್ತಾಳೆ ಎಂದು ಆರ್ನೆ ನಂಬಿದ್ದ. ಅವನು ಕೌಂಟಿ ಆಡಳಿತದ ಪರವಾಗಿ ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಊರು ಬಿಡುವ ಯೋಚನೆ ಅವನಿಗೆ ಯಾವತ್ತೂ ಬಂದಿರಲಿಲ್ಲ.

ಊರಲ್ಲಿದ್ದದ್ದು ಒಂದೇ ಆಭರಣದಂಗಡಿ. ಅದರ ಮಾಲೀಕನ ಹೆಂಡತಿ ಡಾರ್ಲಾಳ ಹತ್ತಿರವೇ ಕೂದಲು ಕತ್ತರಿಸಿಕೊಳ್ಳುತ್ತಿದ್ದಳು. ಕತ್ತರಿ ಆಡುವಾಗ ಆ ಹೆಂಗಸಿನ ಬಾಯಿ ಸುಮ್ಮನಿರುತ್ತಿರಲಿಲ್ಲ. ಹಾಗಾಗಿ ಆರ್ನೆ ಮೊಬೈಲ್ ಹಿಡಿದುಕೊಂಡು ಕೂತ.

ಆನ್‌ಲೈನ್ ಅಂಗಡಿಯಲ್ಲಿ ವಜ್ರಗಳಿಗೆ ಲೆಕ್ಕವೇ ಇರಲಿಲ್ಲ. ಒಂದೊಂದಕ್ಕೂ ಒಂದೊಂದು ವಿಡಿಯೋ. ಬೆರಳಿಟ್ಟು ಎಳೆದರೆ ಕಲ್ಲು ಸುತ್ತುತ್ತಿತ್ತು, ಹಿಗ್ಗಿಸಿದರೆ ಊಟದ ತಟ್ಟೆಯಷ್ಟಾಗುತ್ತಿತ್ತು. ಚಿಕ್ಕಂದಿನಿಂದ ಸುಪೀರಿಯರ್ ಸರೋವರದ ದಂಡೆಯಲ್ಲಿ ಪಟ್ಟೆಪಟ್ಟೆಯ ಅಗೇಟ್ ಕಲ್ಲು ಹೆಕ್ಕಿ ಬೆಳೆದವನು ಆರ್ನೆ. ಕಲ್ಲು ಸಿಕ್ಕರೆ ಎಂಜಲು ಹಚ್ಚಿ, ಬಿಸಿಲಿಗೆ ಹಿಡಿದು, ಒಳಗಿನ ಪಟ್ಟೆ ನೋಡುವುದು ಅವನ ಅಭ್ಯಾಸ. ಇಲ್ಲಿ ಎಂಜಲು ಹಚ್ಚುವಂತಿಲ್ಲ, ತೂಗಿ ನೋಡುವಂತಿಲ್ಲ. ಆದರೂ ಬಿಡಲಾಗಲಿಲ್ಲ. ಪ್ರತಿ ಕಲ್ಲಿನೊಳಗೂ ಏನೋ ಇರುತ್ತಿತ್ತು. ಒಂದರಲ್ಲಿ ಕರಿ ಚುಕ್ಕೆ, ಒಂದರಲ್ಲಿ ಮೋಡ, ಇನ್ನೊಂದರಲ್ಲಿ ಸೂಜಿಯಂಥ ಗೆರೆ. ಮಧ್ಯಾಹ್ನ ಲಾರಿಯಲ್ಲಿ ಕೂತು ಮಾಂಸ ತುಂಬಿದ ಪ್ಯಾಸ್ಟಿ ತಿನ್ನುತ್ತಲೂ ಅದೇ ಕೆಲಸ. ಪರದೆಗೆಲ್ಲ ಜಿಡ್ಡು.

ಅಕ್ಕ ಮಾರ್ಲಿ ಅವನ ಹೆಗಲ ಮೇಲಿಂದ ಇಣುಕಿದಳು.

"ಲೋ, ಹುಡುಗೀನ ಇಷ್ಟು ನೋಡಿದ್ಯೇನೋ ಯಾವತ್ತಾದ್ರೂ?"

"ಇಲ್ನೋಡೇ, ಇದ್ರೊಳಗೆ ಗರಿ ತರ ಏನೋ ಇದೆ."

"ಎಲ್ಲಿ? ನಂಗೇನೂ ಕಾಣ್ತಿಲ್ಲ."

"ದೊಡ್ಡದು ಮಾಡ್ಬೇಕು."

"ಅವಳೇನು ಭೂತಗನ್ನಡಿ ಹಿಡ್ಕೊಂಡು ಮದುವೆಗೆ ಬರ್ತಾಳಾ? ತಗೊಳೋ ಸುಮ್ನೆ."

ನೆಲದಿಂದ ತೆಗೆದದ್ದೋ, ಯಂತ್ರದಲ್ಲಿ ಬೆಳೆಸಿದ್ದೋ ಎಂಬುದು ಇನ್ನೊಂದು ಪ್ರಶ್ನೆ. ಯಂತ್ರದೊಳಗೆ ಕೆಲವೇ ವಾರಗಳಲ್ಲಿ ವಜ್ರ ಬೆಳೆಯುತ್ತದೆ ಎಂದು ಓದಿ ಅವನು ಆ ರಾತ್ರಿ ಊಟ ಮರೆತ. ಬರಿಗಣ್ಣಿಗೆ ಎರಡೂ ಒಂದೇ. ಅವನ ಅಜ್ಜ ತಾಮ್ರದ ಗಣಿಯಲ್ಲಿ ಎದೆ ಕೆಡಿಸಿಕೊಂಡು ಸತ್ತವನು. ಗಣಿಯ ಮೇಲೆ ಆ ಮನೆಯಲ್ಲಿ ಯಾರಿಗೂ ಮಮತೆ ಇರಲಿಲ್ಲ. ಯಂತ್ರದ್ದನ್ನೇ ಆರಿಸಿದ. ಮೊಟ್ಟೆಯಾಕಾರದ್ದು, ಅಂಚಿನಲ್ಲಿ ಗರಿಯಂಥ ಬಿರುಕು ಇದ್ದದ್ದು. ನೂರು ಕಲ್ಲು ನೋಡಿದ ಮೇಲೂ ಅದನ್ನು ಗುರುತು ಹಿಡಿಯಬಲ್ಲೆ ಎಂಬ ಧೈರ್ಯ ಅವನಿಗಿತ್ತು.

ಉಳಿದದ್ದು ಅಳತೆ. ಪರದೆಯ ಮೂಲೆಯಲ್ಲಿ ಪ್ರಿಸಿಲ್ಲಾ ಎಂಬ ಹೆಸರಿನವಳು ಗಿರಾಕಿಗಳ ಪ್ರಶ್ನೆಗೆ ಬರೆದು ಉತ್ತರಿಸುತ್ತಿದ್ದಳು.

"ಅವಳಿಗೆ ಗೊತ್ತಾಗದ ಹಾಗೆ ಅಳೀಬೇಕು. ಹೇಗೆ?" ಎಂದು ಆರ್ನೆ ಕೇಳಿದ.

"ದಾರ ಸುತ್ತಿ ನೋಡಿ ಸರ್. ಆದ್ರೆ ಕೈ ತಣ್ಣಗಿದ್ದಾಗ ಬೇಡ, ಬೆರಳು ಸಣ್ಣ ಆಗಿರುತ್ತೆ. ಕೈ ಬೆಚ್ಚಗಿದ್ದಾಗ ತಗೊಳ್ಳಿ."

ಪ್ರಿಸಿಲ್ಲಾ ಯಾವ ಊರಿನವಳೋ. ಅವಳ ಮಟ್ಟಿಗೆ ಬೆಚ್ಚಗಿನ ಕೈ ಎಂದರೆ ಕೋಟಿನ ಜೇಬಿನಿಂದ ತೆಗೆದ ಕೈ ಇರಬೇಕು. ಹಿಲ್ಟುನೆನ್ ಮನೆಯವರಿಗೆ ಬೆಚ್ಚಗೆ ಎಂದರೆ ಒಂದೇ ಜಾಗ: ಹಿತ್ತಲಿನ ಸೌನಾ, ಹಬೆಸ್ನಾನದ ಕೋಣೆ.

ಶನಿವಾರ ಸಂಜೆ ಆರ್ನೆ ಒಲೆಗೆ ಎಂದಿಗಿಂತ ಹೆಚ್ಚು ಕಟ್ಟಿಗೆ ಒಟ್ಟಿದ. ಕಾದ ಕಲ್ಲುಗಳ ಮೇಲೆ ನೀರು ಹಾಕಿದಾಗಲೆಲ್ಲ ಹಬೆ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ಡಾರ್ಲಾ ಮೇಲಿನ ಹಲಗೆಯ ಮೇಲೆ ಕೂತಿದ್ದಳು, ಬೇಯಿಸಿದ ಬೀಟ್‌ರೂಟಿನಂತೆ ಕೆಂಪಾಗಿದ್ದಳು.

"ನಿನ್ನ ಉಂಗುರದ ಬೆರಳು ನನ್ನ ಕಿರುಬೆರಳಿಗಿಂತ ದಪ್ಪ. ಏನು ಪಂದ್ಯ?" ಎಂದ ಆರ್ನೆ.

"ಸೆಖೆಗೆ ತಲೆ ಕೆಟ್ಟಿದ್ಯಾ?"

"ಪಂದ್ಯ ಕಟ್ಟೇ."

ಟವೆಲಿನ ಅಂಚಿನಿಂದ ಒಂದು ದಾರ ಕಿತ್ತು ಅವಳ ಬೆರಳಿಗೆ ಸುತ್ತಿದ, ಆಮೇಲೆ ತನ್ನದಕ್ಕೆ ಸುತ್ತಿದ. ಗೆದ್ದದ್ದು ಡಾರ್ಲಾಳೇ. ಅವಳು ದಾರವನ್ನೂ ನೋಡಿದಳು, ಅವನ ಮುಖವನ್ನೂ ನೋಡಿದಳು.

"ಸೋತ್ಯಲ್ಲ, ಹೋಗಿ ಬಿಯರ್ ತಾ," ಎಂದಳು.

ಆ ದಾರವನ್ನು ಅಳೆದು ಅವನು ಅವತ್ತೇ ಉಂಗುರ ಕೊಂಡ. ಫೆಬ್ರವರಿಯ ಮಧ್ಯದಲ್ಲಿ ಅದು ಬಂತು. ಡಬ್ಬಿ ತೆರೆದು ಮೊದಲು ಮಾಡಿದ ಕೆಲಸ ಕಲ್ಲಿಗೆ ಎಂಜಲು ಹಚ್ಚಿ ಕಿಟಕಿಗೆ ಹಿಡಿದದ್ದು. ಗರಿ ಕಾಣಲಿಲ್ಲ. ಮಾರ್ಲಿಯ ಹೊಲಿಗೆ ಪೆಟ್ಟಿಗೆಯಿಂದ ಭೂತಗನ್ನಡಿ ತಂದು ನೋಡಿದ. ಇತ್ತು.

ಮರುದಿನ ಭಾನುವಾರ. ಇಬ್ಬರೂ ಹೆಪ್ಪುಗಟ್ಟಿದ ಪೋರ್ಟೇಜ್ ಸರೋವರದ ಮೇಲೆ ಮೀನು ಹಿಡಿಯಲು ಹೋದರು. ಆರ್ನೆಯ ಹಲಗೆ ಗುಡಿಸಲು ಅಲ್ಲಿ ಚಳಿಗಾಲಪೂರ್ತಿ ಇರುತ್ತಿತ್ತು. ಒಳಗೆ ಎರಡು ಬಕೆಟ್ಟು, ಸಣ್ಣ ಗ್ಯಾಸ್ ಒಲೆ, ನಡುವೆ ಮಂಜುಗಡ್ಡೆಗೆ ಬೈರಿಗೆಯಿಂದ ಕೊರೆದ ತೂತು. ಡಾರ್ಲಾ ಎರೆಮೀನಿನ ಬಕೆಟ್ಟಿಗೆ ಕೈ ಹಾಕಿ, ಒಂದನ್ನು ಗಾಳಕ್ಕೆ ಚುಚ್ಚಿ, ನೀರಿಗೆ ಬಿಟ್ಟಳು. ಬೆರಳುಗಳು ಚಳಿಗೆ ಸೊರಗಿ ಮೇಣದಂತೆ ಬಿಳಿಚಿಕೊಂಡಿದ್ದವು.

ಆರ್ನೆ ಮಂಜುಗಡ್ಡೆಯ ಮೇಲೆ ಮೊಣಕಾಲೂರಿದ.

"ಏಳೋ, ಪ್ಯಾಂಟು ಒದ್ದೆ ಆಗುತ್ತೆ."

"ಕೇಳೋದಿದೆ ಕಣೇ."

"ಗೊತ್ತು. ಸೌನಾದಲ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀನು ಅಷ್ಟು ಕಷ್ಟಪಟ್ಟು ನಾಟಕ ಆಡ್ತಿದ್ದೆ. ಯಾಕೆ ಹಾಳು ಮಾಡ್ಲಿ ಅಂತ. ಸರಿ, ಕೇಳು."

ಅವನು ಕೇಳಿದ. ಅವಳು ಕೈ ಚಾಚಿದಳು. ಉಂಗುರ ತಡೆಯಿಲ್ಲದೆ ಬುಡದವರೆಗೂ ಇಳಿಯಿತು. ಅಳತೆ ಸರಿಯಾಯಿತು ಎಂದು ಅವನು ಹಿಗ್ಗಿದ.

ಅವಳು ಬಾಯಿ ತೆರೆಯುವಷ್ಟರಲ್ಲಿ ಗಾಳದ ಕೋಲು ಬಾಗಿತು. ಮಾತು ಬಿಟ್ಟು ಡಾರ್ಲಾ ದಾರಕ್ಕೆ ಕೈ ಹಾಕಿದಳು. ಅವಳೊಬ್ಬಳೇ ಅಲ್ಲ, ಆ ಊರಿನ ಯಾರೇ ಆದರೂ ಹಾಗೇ ಮಾಡುತ್ತಿದ್ದರು. ಒಂದೊಂದೇ ಮೊಳ ಎಳೆದಳು. ತೂತಿನಲ್ಲಿ ವಾಲೈ ಮೀನಿನ ತಲೆ ಕಂಡಿತು, ದಪ್ಪ ಮೀನು. ಮೊಣಕೈವರೆಗೆ ಕೈ ಮುಳುಗಿಸಿ ಕಿವಿರಿಗೆ ಬೆರಳು ಹಾಕಲು ಹೋದಳು. ಮೀನು ಕೊಸರಿತು, ದಾರ ಹರಿಯಿತು. ಕೈ ಮೇಲೆ ಬಂದಾಗ ಬೆರಳು ಬರಿದಾಗಿತ್ತು.

ಇಬ್ಬರೂ ಹೊಟ್ಟೆಯ ಮೇಲೆ ಮಲಗಿ ತೂತಿನೊಳಗೆ ನೋಡಿದರು. ಕಪ್ಪು ನೀರು, ಅಷ್ಟೇ.

"ಆಳ ಎಷ್ಟಿದೆ?" ಎಂದಳು ಡಾರ್ಲಾ.

"ಮೂವತ್ತಡಿ. ಕೆಳಗೆ ಬರೀ ಕೆಸರು."

"ವಿಮೆ?"

"ಊಹೂಂ."

ಆಮೇಲೆ ಡಾರ್ಲಾ, "ಹೇಗಿತ್ತೋ ಅದು? ನಾನು ಸರಿಯಾಗಿ ನೋಡ್ಲೇ ಇಲ್ಲ," ಎಂದಳು.

ಅವನು ಮೊಬೈಲ್ ತೆಗೆದು ವಿಡಿಯೋ ತೋರಿಸಿದ. ಅವಳು ಒದ್ದೆ ಬೆರಳನ್ನು ಒರೆಸಿಕೊಂಡು ಕಲ್ಲನ್ನು ತಿರುಗಿಸಿದಳು, ಹಿಗ್ಗಿಸಿದಳು, ಮತ್ತೆ ತಿರುಗಿಸಿದಳು.

"ಇದೇನು, ಗರಿ ತರ?"

"ಬಿರುಕು. ಅದಿಲ್ದಿದ್ರೆ ನನ್ನ ಕೈಗೆ ಎಟುಕ್ತಿರಲಿಲ್ಲ."

"ಚೆನ್ನಾಗಿದೆ," ಎಂದು ಮೊಬೈಲ್ ವಾಪಸು ಕೊಟ್ಟಳು. "ನೋಡು, ಚಿಕ್ಕಮ್ಮನಿಗೆ ಹೂಂ ಅಂದ್ಬಿಟ್ಟಿದ್ದೀನಿ. ಹೋದ ವಾರಾನೇ."

ಆರ್ನೆ ಎದ್ದು ಕೂತ. "ಹಾಗಾದ್ರೆ ನಂಗೆ ಇಲ್ಲ ಅಂತಾನಾ?"

"ನಿಂಗೂ ಹೂಂ. ಆದ್ರೆ ಸಂಸಾರ ಅಲ್ಲಿ. ಗ್ರೀನ್ ಬೇಯಲ್ಲಿ ಹಿಮ ಬೀಳಲ್ವಾ?"

"ಇಲ್ಲಿನಷ್ಟು ಬೀಳಲ್ಲ."

"ಆರಾಮಾಗಿ ಮಲ್ಕೊಂಡಿರು ಹಾಗಾದ್ರೆ."

ಉಂಗುರ ಬೆರಳಲ್ಲಿ ಉಳಿದಿದ್ದರೂ ಅವಳು ಇದನ್ನೇ ಹೇಳುತ್ತಿದ್ದಳೆಂದು ಅವನಿಗೆ ಗೊತ್ತಾಯಿತು. ಕೊನೆಗೆ, "ಹೂಂ," ಎಂದ. ಡಾರ್ಲಾ ಹೊಸ ಗಾಳ ಕಟ್ಟತೊಡಗಿದಳು. ಏಪ್ರಿಲ್‌ನಲ್ಲಿ ಅವನು ಲಾರಿಯ ಕೀಲಿ ಕೌಂಟಿಗೆ ಒಪ್ಪಿಸಿದ.

ಹೋದದ್ದು ಒಂದು ಉಂಗುರ, ಒಂದು ಗಾಳ, ಇಬ್ಬರ ಊಟಕ್ಕೆ ಸಾಕಾಗುತ್ತಿದ್ದ ಒಂದು ಮೀನು, ಹಿಮ ತಳ್ಳುವ ಒಂದು ನೌಕರಿ.