ಬಸ್ಸು ಹತ್ತಿದ ಗುಂಡಿಗೆ

ಒಂದಾನೊಂದು ಕಾಲದಲ್ಲಿ, ಅಂದರೆ ಎಪ್ಪತ್ತೆರಡರ ಬೇಸಿಗೆಯಲ್ಲಿ, ಮೈಯೇ ಇಲ್ಲದ ಒಂದು ಗುಂಡಿಗೆ ಸಿರುಗುಪ್ಪದಲ್ಲಿ ಬಳ್ಳಾರಿಯ ಬಸ್ಸು ಹತ್ತಿತಂತೆ. ಸೀಸೆಯೊಳಗಿನ ಉಪ್ಪುನೀರೇ ಅದಕ್ಕೆ ಅರಮನೆ. ಸೀಸೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಚನ್ನವೀರಮ್ಮನೇ ಅದಕ್ಕೆ ಕಾವಲು.

ಗುಂಡಿಗೆ ಗದ್ದೆಯ ಕಪ್ಪೆಯದು. ಚನ್ನವೀರಮ್ಮ ಬಳ್ಳಾರಿ ಕಾಲೇಜಿನ ಸಂಶೋಧನಾ ವಿದ್ಯಾರ್ಥಿನಿ. ಮೈಯಿಂದ ತೆಗೆದ ಅಂಗಗಳನ್ನು ಕೆಡದಂತೆ ದೂರದೂರಿಗೆ ಸಾಗಿಸುವುದು ಹೇಗೆಂದು ಅವಳ ಕಾಲೇಜೂ ಧಾರವಾಡದ ವಿಶ್ವವಿದ್ಯಾಲಯವೂ ಕೂಡಿ ಹುಡುಕಹೊರಟಿದ್ದವು. ಧಾರವಾಡದಿಂದ ಬಳ್ಳಾರಿಗೆ ಬಂದಿದ್ದ ಪ್ರೊಫೆಸರ್ ಗೋಪಾಲಕೃಷ್ಣರು, “ಸಿರುಗುಪ್ಪದಾಗ ತೆಗೆದ ಗುಂಡಿಗಿ ಇಲ್ಲಿ ನನ್ನ ಕಣ್ಣ ಮುಂದ ಬಡೀಬೇಕು. ಆಗ ನಿಮ್ಮನ್ನ ನಮ್ಮ ತಂಡಕ್ಕ ತಗೋತೀನಿ,” ಎಂದಿದ್ದರು. “ತಂದೇ ತೋರಿಸ್ತೀನ್ರಿ ಸರ್,” ಎಂದು ಮಾತು ಕೊಟ್ಟ ಗಳಿಗೆಯಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಗಿಣ್ಣದ ಡಬ್ಬಿ ಹಿಡಿದು ಮಗಳ ಮನೆಗೆ ಹೊರಟಿದ್ದ ಪಕ್ಕದ ಸೀಟಿನ ಮುದುಕಿ ಹುಲುಗಮ್ಮ ಸೀಸೆಗೆ ಮೂಗು ಹಚ್ಚಿದಳು.

“ಯವ್ವಾ, ಏನಿದು ಪುಕುಪುಕು ಅಂತೈತಿ?”

“ಕಪ್ಪಿ ಗುಂಡಿಗಿ, ಅಜ್ಜಿ.”

“ಕಪ್ಪಿ ಎಲ್ಲೈತಿ?”

“ಸಿರುಗುಪ್ಪದಾಗ ಉಳೀತು.”

“ಅಯ್ಯ ಶಿವನೇ! ಹಂಗಾದ್ರ ಅದು ಹಿಂದಿನ ಬಸ್ಸಿಗೆ ಬರ್ತೈತೇನು?”

ಕಂಡಕ್ಟರ್ ಓಬಣ್ಣ, “ಇದಕ್ಕ ಅರ್ಧ ಟಿಕೀಟೋ ಪೂರಾನೋ, ಲಗೂನ ಹೇಳ್ರಿ ಅಕ್ಕಾರೆ,” ಎಂದ. ಬಸ್ಸೆಲ್ಲ ಹೋ ಎಂದು ನಕ್ಕಿತು.

ಕುರುಗೋಡಿನಲ್ಲಿ ಬಸ್ಸು ಹೊಗೆಯುಗುಳಿ ನಿಂತಿತು. ಇಂಜಿನ್ನು ತಣಿಯುವ ತನಕ ಕದಲುವಂತಿಲ್ಲ. ಬಿಸಿಲಿಗೆ ಉಪ್ಪುನೀರು ಕಾದು, ಗುಂಡಿಗೆ ಬೆದರಿದ ಹೋರಿಯಂತೆ ಓಡತೊಡಗಿತು. ಹೀಗೇ ಓಡಿದರೆ ದಣಿದು ಸತ್ತೇ ಹೋದೀತು!

“ಓಬಣ್ಣಾ, ಐಸು!” ಎಂದು ಚನ್ನವೀರಮ್ಮ ಕೂಗಿದಳು.

ಅವನು ಸೋಡಾ ಅಂಗಡಿಗೆ ಓಡಿ, ಭತ್ತದ ಹೊಟ್ಟು ಮೆತ್ತಿದ ಗಡ್ಡೆಯೊಂದನ್ನು ಟವೆಲಿನಲ್ಲಿ ಕಟ್ಟಿ ತಂದ. ಹುಲುಗಮ್ಮ ಗಿಣ್ಣವನ್ನೆಲ್ಲ ಬಸ್ಸಿನವರಿಗೆ ಹಂಚಿ ಡಬ್ಬಿ ಖಾಲಿ ಮಾಡಿದಳು. ಐಸು ಒಡೆದು ತುಂಬಿದ ಡಬ್ಬಿಯಲ್ಲಿ ಸೀಸೆ ಹುದುಗಿತು. ಗುಂಡಿಗೆಯ ಓಟ ನಡಿಗೆಯಾಯಿತು, ನಡಿಗೆ ತೂಕಡಿಕೆಯಾಯಿತು. ಬಸ್ಸು ಹೊರಟು ಊರು ದಾಟುವಷ್ಟರಲ್ಲಿ ಗುಂಡಿಗೆ ಪೂರ್ತಿ ನಿಂತೇಬಿಟ್ಟಿತು.

ಹುಲುಗಮ್ಮ ಸೆರಗನ್ನು ಬಾಯಿಗಿಟ್ಟು ಹಾಡಿಕೊಂಡು ಅಳಲು ಹತ್ತಿದಳು: “ಗದ್ದಿ ಬದುವಿನ ದೊರಿಯೇ, ಮಳಿ ಕರಿಯೋ ಧಣಿಯೇ, ನಡುದಾರ್ಯಾಗ ಕೈ ಬಿಟ್ಟೇನೋ...” ಗಿಣ್ಣ ತಿಂದ ಬಾಯಲ್ಲೇ ಹಿಂದಿನ ಸೀಟಿನ ಹೆಂಗಸರೂ ದನಿಗೂಡಿಸಿದರು.

ಚನ್ನವೀರಮ್ಮ ಡಬ್ಬಿಗೆ ಬಗ್ಗಿ ನೋಡಿದಳು. ಗುಂಡಿಗೆ ಕದಲುತ್ತಿರಲಿಲ್ಲ. ಆದರೆ ತಂಪಿಗೆ ಮೆಲ್ಲಗಾದದ್ದು ತಂಪಿಗೇ ನಿಂತಿರಬಾರದೇಕೆ?

“ಅಳಬ್ಯಾಡ ಅಜ್ಜಿ, ನಿದ್ದಿ ಮಾಡಿರಬೇಕು.”

“ನನ್ನ ಗಂಡಗೂ ಹಿಂಗ ಅಂದಿದ್ರವ್ವ!” ಎಂದು ಹುಲುಗಮ್ಮ ದನಿ ಏರಿಸಿದಳು.

ಸತ್ತವರನ್ನು ಅರ್ಧಕ್ಕೆ ಬಿಟ್ಟು ಹೋಗಬಾರದೆಂದು ಅವಳು ಬಳ್ಳಾರಿಯ ಪ್ರಯೋಗಶಾಲೆಯ ತನಕ ಅಳುತ್ತಲೇ ಬಂದಳು. ಗೋಪಾಲಕೃಷ್ಣರು ಸೀಸೆ ಎತ್ತಿ ನೋಡಿ, “ನಿಂತುಬಿಟ್ಟದಲ್ಲಮ್ಮ,” ಎಂದರು.

“ಸ್ವಲ್ಪ ತಡೀರಿ ಸರ್.”

ಚನ್ನವೀರಮ್ಮ ಸೀಸೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಕಾವಿಗೆ ಕುಂತ ಕೋಳಿಯ ಹಾಗೆ ಕುಳಿತಳು. ಹುಲುಗಮ್ಮನ ಹಾಡು ಎರಡನೆಯ ಸುತ್ತಿಗೆ ಬಂದಿತ್ತು. ಅಷ್ಟರಲ್ಲಿ ಗುಂಡಿಗೆಯ ತುದಿ ಒಮ್ಮೆ ನಡುಗಿತು. ಸುಮ್ಮನಾಯಿತು. ಮತ್ತೆ ನಡುಗಿತು. ಪುಕ್. ಪುಕ್. ಪುಕುಪುಕು!

“ಎದ್ದೈತಿ! ಎದ್ದೈತಲೇ!” ಹುಲುಗಮ್ಮ ಪ್ರೊಫೆಸರರ ರಟ್ಟೆ ಹಿಡಿದು ಕುಣಿದಳು. ಕನ್ನಡಕ ಮೂಗಿನ ತುದಿಗೆ ಜಾರಿದರೂ ಗೋಪಾಲಕೃಷ್ಣರ ಕಣ್ಣು ಸೀಸೆಯಿಂದ ಕದಲಲಿಲ್ಲ.

“ಬಡಕೋತ ಬರ್ತದ ಅಂದ್ಕೊಂಡಿದ್ದೆ. ನೀವು ಮಲಗಿಸಿ ತಂದು ಎಬ್ಬಿಸಿದ್ರಿ,” ಎಂದರು. “ನಮಗ ಬೇಕಾದದ್ದು ಇದೇ. ಬರ್ರಿ, ಈ ಮೇಜು ಇನ್ನ ನಿಮ್ಮದು.”

ಚನ್ನವೀರಮ್ಮ ಗುಂಡಿಗೆ ಬಡಿಯುತ್ತಿದ್ದ ಸೀಸೆಯನ್ನು ಆ ಮೇಜಿನ ಮೇಲೆ ಇಟ್ಟಳು.