ಕೇಬಲ್ಲಿನ ಉಂಗುರ

ರೇಡಿಯೊ ಅಮ್ಮನಿಗೆ ಬೆಳಗ್ಗೆಯಿಂದ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಕೂರುವುದಾದರೂ ಹೇಗೆ ಹೇಳಿ? ಮಗನ ಹೊಸ ದೋಣಿ ಇವತ್ತು ಮೊದಲ ಸಲ ಕಡಲಿಗಿಳಿಯುತ್ತಿತ್ತು. ಹನ್ನೆರಡರೊಳಗೆ ದೋಣಿಯ ರೇಡಿಯೊದಿಂದ ಬಂದರು ಕಚೇರಿಯನ್ನು ಕರೆಯಬೇಕು, ಅವರು ‘ಕೇಳಿಸಿತು’ ಅನ್ನಬೇಕು. ಅನ್ನದಿದ್ದರೆ ಹಗ್ಗ ಬಿಚ್ಚುವ ಹಾಗಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ದೋಣಿಯಲ್ಲೇ ಕೂತು ಆಂಟೆನಾ ಕೇಬಲ್ಲಿಗೆ ಕನೆಕ್ಟರ್ ಬೆಸೆಯುತ್ತಿದ್ದವಳು ಅವಳ ಸೊಸೆ, ಅದೂ ಮೊದಲ ಬಾರಿಗೆ ಒಬ್ಬಳೇ. ಮೂವತ್ತು ವರ್ಷ ಈ ದಕ್ಕೆಯ ದೋಣಿಗಳಿಗೆಲ್ಲ ರೇಡಿಯೊ ಕೂರಿಸಿದ ಅಮ್ಮನ ಕೈ ಈಗ ನಡುಗುತ್ತದೆ. ಇವತ್ತು ಸೊಸೆ ಗೆದ್ದರೆ ಅಂಗಡಿ ಉಳಿಯಿತು. ಎಡವಿದರೆ ದಕ್ಕೆಯ ಜನ ಬೇರೆ ಅಂಗಡಿ ಹುಡುಕಿಕೊಳ್ಳುತ್ತಾರೆ.

“ಸುಮ್ನೆ ಕೂತಿರ್ತೀನಿ ಅಂತ ಮಾತು ಕೊಟ್ಟಿದ್ದೀರಿ, ಅತ್ತೆ,” ಎಂದಳು ಸೊಸೆ.

“ಉಸಿರಾಡೋದೂ ತಪ್ಪೇನೇ?”

ಈ ಕೆಲಸದಲ್ಲಿ ಎಂಥ ಜಾಣರ ಮಾನವನ್ನೂ ಹರಾಜಿಗಿಡುವ ಒಂದು ತಪ್ಪಿದೆ. ಕನೆಕ್ಟರಿನ ತಿರುಪಿನ ಉಂಗುರವನ್ನು ಎಲ್ಲಕ್ಕಿಂತ ಮೊದಲು ಕೇಬಲ್ಲಿಗೆ ತೂರಿಸಿಕೊಳ್ಳಬೇಕು. ಬೆಸೆದಾದ ಮೇಲೆ ಅದು ತೂರುವುದಿಲ್ಲ, ಉಂಗುರವಿಲ್ಲದೆ ಕನೆಕ್ಟರ್ ರೇಡಿಯೊಗೆ ಕೂರುವುದೂ ಇಲ್ಲ. ಪಕ್ಕದ ದೋಣಿಯ ಮೆಕ್ಯಾನಿಕ್ ಹನ್ನೆರಡು ವರ್ಷದ ಹಿಂದೆ ಒಮ್ಮೆ ಮರೆತ. ಅಂದಿನಿಂದ ಅವನು ‘ಉಂಗುರದಣ್ಣ’. ನಿಜವಾದ ಹೆಸರು ಅವನ ಹೆಂಡತಿಗೂ ನೆನಪಿದೆಯೋ ಇಲ್ಲವೋ. ಅದಕ್ಕೇ ಅಮ್ಮ ಸೊಸೆಗೆ ಕಲಿಸಿದ ಮೊದಲ ಪಾಠ, ಸಾಮಾನುಗಳನ್ನು ಸಾಲಾಗಿ ಜೋಡಿಸಿಟ್ಟು ಎಡದಿಂದ ಒಂದೊಂದೇ ಎತ್ತಿಕೊಳ್ಳುವುದು. ಮೊದಲನೆಯದು ಉಂಗುರ.

ಸೊಸೆ ಕೇಬಲ್ಲಿನ ಕಪ್ಪು ಸಿಪ್ಪೆ ಸುಲಿದಳು, ತಾಮ್ರದ ಜಾಲರಿಗೆ ತೆಳುವಾಗಿ ಬೆಸುಗೆಯ ಸೀಸ ಸವರಿದಳು, ಕನೆಕ್ಟರನ್ನು ತಿರುಗಿಸಿ ಕೂರಿಸಿದಳು. ಕಾದ ಬೆಸುಗೆ ಐರನ್ ಒತ್ತಿ ಹಿಡಿದು ಲೋಹ ಚೆನ್ನಾಗಿ ಕಾಯುವವರೆಗೂ ತಡೆದಳು. ಸೀಸ ಸರ್ರನೆ ತೂತುಗಳೊಳಗೆ ಇಳಿದು ಬೆಳ್ಳಗೆ ಹೊಳೆಯಿತು. ಅಮ್ಮನ ಎದೆ ಉಬ್ಬಿತು. ಇಷ್ಟು ಚೆನ್ನಾಗಿ ಬೆಸೆಯಲು ಅವಳಿಗೇ ಐದು ವರ್ಷ ಹಿಡಿದಿತ್ತು. ಆದರೆ ಅದನ್ನು ಈಗಲೇ ಹೇಳಿ ಸೊಸೆಯನ್ನು ತಲೆಯ ಮೇಲೆ ಕೂರಿಸಿಕೊಳ್ಳುವ ಪೈಕಿಯಲ್ಲ ಅವಳು.

ಕನೆಕ್ಟರನ್ನು ರೇಡಿಯೊದ ಹತ್ತಿರ ತಂದ ಸೊಸೆಯ ಕೈ ಅಲ್ಲೇ ನಿಂತಿತು. “ಅತ್ತೆ, ಉಂಗುರ?”

“ಅಯ್ಯೋ ಪುಣ್ಯಾತ್ಗಿತ್ತಿ, ಉಂಗುರ ಮರೆತ್ಯಾ?” ಅಮ್ಮನ ಗಂಟಲು ದಕ್ಕೆಯ ಕೊನೆಗೂ ಕೇಳಿಸುವಂಥದ್ದು.

ಪಕ್ಕದ ದೋಣಿಯಲ್ಲಿ ಉಂಗುರದಣ್ಣನ ತಲೆ ಮೇಲೆದ್ದಿತು. ಹನ್ನೆರಡು ವರ್ಷದಿಂದ ಜೊತೆಗೊಬ್ಬರು ಸಿಗಲಿ ಎಂದು ಕಾದವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. “ಬಾ ತಂಗಿ, ನಮ್ಮ ಸಂಘಕ್ಕೆ,” ಎಂದವನೇ ತನ್ನ ರೇಡಿಯೊದಲ್ಲಿ ಎಲ್ಲ ದೋಣಿಗಳಿಗೂ ಸುದ್ದಿ ಮುಟ್ಟಿಸಿದ.

ಆಗ ಅಮ್ಮನ ಮುಷ್ಟಿಯೊಳಗೆ ಏನೋ ಒತ್ತಿತು. ಬೆರಳು ಬಿಡಿಸಿ ನೋಡಿದರೆ ಉಂಗುರ. ಒರೆಸಿ ಇಡೋಣ ಎಂದು ಸಾಲಿನಿಂದ ಎತ್ತಿಕೊಂಡವಳು ಕೈಯಲ್ಲೇ ಮರೆತಿದ್ದಳು. ಮೂವತ್ತು ವರ್ಷದ ಹೆಸರು ಒಂದು ಗಳಿಗೆಯಲ್ಲಿ ನೀರುಪಾಲಾಗಬೇಕೆ? ಮೆಲ್ಲನೆ ಅದನ್ನು ಒರೆಸುವ ಬಟ್ಟೆಯ ಕೆಳಗೆ ತಳ್ಳಿ, “ನೋಡು, ಇಲ್ಲೇ ಬಿದ್ದಿದೆ,” ಎಂದಳು. ಆ ವಯಸ್ಸಿಗೆ ನಾಚಿಕೆಯಾಗಬೇಕಿತ್ತು.

ಇದ್ದದ್ದು ಅದೊಂದೇ ಕನೆಕ್ಟರ್. ಸೊಸೆ ಅದನ್ನು ಇಕ್ಕಳದಲ್ಲಿ ಹಿಡಿದು, ಕಾಯಿಸಿ, ಎಳೆದು ತೆಗೆದಳು. ತೂತುಗಳನ್ನು ಚೊಕ್ಕ ಮಾಡಿದಳು. ಸುಟ್ಟ ಕೇಬಲ್ಲನ್ನು ಎರಡು ಬೆರಳಷ್ಟು ಕತ್ತರಿಸಿದಳು. ಇನ್ನೊಮ್ಮೆ ಕತ್ತರಿಸಿದರೆ ಅದು ರೇಡಿಯೊವರೆಗೆ ಮುಟ್ಟುವುದೇ ಇಲ್ಲ. ಗಂಟೆ ಹನ್ನೊಂದೂ ಮುಕ್ಕಾಲು. ಉಂಗುರ ತೂರಿತು, ಸೀಸ ಮತ್ತೆ ಇಳಿಯಿತು, ಕೇಬಲ್ ಪರೀಕ್ಷಿಸುವ ಮೀಟರಿನ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಹನ್ನೆರಡಕ್ಕೆ ಮೂರು ನಿಮಿಷ ಇರುವಾಗ ಮಗ ಮೈಕ್ ಹಿಡಿದು ಕರೆದ. ಮೊದಲು ಬರೀ ಗೊರಗೊರ.

“ಕೇಳಿಸ್ತು. ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ,” ಎಂದ ಬಂದರಿನವನು. “ಹೊರಡಿ. ಉಂಗುರದಕ್ಕನಿಗೂ ಶಭಾಷ್ ಅಂತ ಹೇಳಿ.”

ಮಗ ಕುಣಿದೇಬಿಟ್ಟ. ಆದರೆ ಒಂದರ ಹಿಂದೊಂದು ದೋಣಿಗಳಿಂದ ‘ಉಂಗುರದಕ್ಕ, ಉಂಗುರದಕ್ಕ’ ಎಂಬ ನಗು ಬಂತು. ಸೊಸೆ ತಾನೂ ನಕ್ಕಳು, ಕಿವಿ ಮಾತ್ರ ಕೆಂಪಾಗಿತ್ತು. ಅಮ್ಮನಿಗೆ ತಡೆಯಲಾಗಲಿಲ್ಲ. ಮಗನ ಕೈಯಿಂದ ಮೈಕ್ ಕಿತ್ತುಕೊಂಡಳು.

“ಎಲ್ರೂ ಕೇಳಿಸ್ಕೊಳ್ಳಿ. ಉಂಗುರ ಇದ್ದದ್ದು ನನ್ನ ಮುಷ್ಟೀಲಿ. ನಾನೇ ಎತ್ಕೊಂಡೆ, ನಾನೇ ಮರೆತೆ, ಅವಳನ್ನ ಬೈದು ಆಮೇಲೆ ಬಟ್ಟೆ ಕೆಳಗೆ ಬಚ್ಚಿಟ್ಟೆ. ಬೆಸೆದ ಕನೆಕ್ಟರನ್ನ ಬಿಚ್ಚಿ ಮತ್ತೆ ಬೆಸೆಯೋ ತಾಕತ್ತು ನಿಮ್ಮಲ್ಲಿ ಯಾರಿಗಿದೆಯೋ ಅವರು ನಗಿ.”

ಯಾರೂ ನಗಲಿಲ್ಲ.

“ಬಟ್ಟೆ ಕೆಳಗೆ ತಳ್ಳಿದ್ದನ್ನ ನಾನು ನೋಡಿದ್ದೆ, ಅತ್ತೆ,” ಎಂದಳು ಸೊಸೆ.

“ನೋಡಿಯೂ ಬಾಯಿ ಬಿಡ್ಲಿಲ್ವಾ?”

“ನೀವೇ ಹೇಳ್ತೀರಿ ಅಂತ ಗೊತ್ತಿತ್ತು. ಇಷ್ಟು ತಡ ಮಾಡ್ತೀರಿ ಅಂತ ಗೊತ್ತಿರಲಿಲ್ಲ.”

ಅಮ್ಮನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಅಷ್ಟರಲ್ಲಿ ರೇಡಿಯೊ ಮತ್ತೆ ಗೊರಗುಟ್ಟಿತು. ಉಂಗುರದಣ್ಣ. “ಅಮ್ಮ, ನಮ್ಮ ದೋಣಿ ಕೇಬಲ್ಲೂ ನೋಡ್ಬೇಕಿತ್ತು. ನಾಳೆ ಸೊಸೇನ ಕಳಿಸಿ. ನೀವು ಮನೇಲೇ ಇರಿ.”

ಸೊಸೆ ಅತ್ತೆಯ ಕೈಯಿಂದ ಮೈಕ್ ತೆಗೆದುಕೊಂಡು ಗುಂಡಿ ಒತ್ತಿದಳು.

“ಎಂಟು ಗಂಟೆಗೆ ಬರ್ತೀವಿ ಅಣ್ಣ, ಇಬ್ರೂ,” ಎಂದಳು.