ಹನ್ನೆರಡು ಟನ್ ಕಲ್ಲಿದ್ದಲು

ಬುರುಲ್ ಪೆನ್ನಿಗೆ ಮುಚ್ಚಳ ಹಾಕಿದ್ದೇ ತಪ್ಪಾಯಿತು.

ಸಾರಿ-ಬೆಲ್ ಎಂಬ ಬೆಟ್ಟದೂರಿನ ಪಂಚಾಯಿತಿಯ ಬಜೆಟ್ ಸಭೆ ಮುಗಿಯುತ್ತ ಬಂದಿತ್ತು. ಬಜೆಟ್ಟಿನ ಲೆಕ್ಕ ಹಾಕುವುದು ಅವಳ ಕೆಲಸ, ನಡಾವಳಿ ಬರೆಯುವುದೂ ಅವಳ ಕೆಲಸ. ನಡುನಡುವೆ ಎದ್ದು ಹಿರಿಯರ ಬಟ್ಟಲಿಗೆ ಚಹಾ ಸುರಿಯುವುದೂ ಅವಳದೇ. ಮದುವೆಯಾಗಿ ಬಂದು ಹದಿನಾರು ವರ್ಷವಾದರೂ ಊರಿಗೆಲ್ಲ ಅವಳು ಸೊಸೆಯೇ. ಸೊಸೆಯಾದವಳು ಎಲ್ಲರ ಮಾತು ಮುಗಿದ ಮೇಲೆ ಬಾಯಿ ತೆರೆಯಬೇಕು. ಹಾಗಾಗಿ ಬುರುಲ್ ಕಾದಳು. ಹುಲ್ಲುಗಾವಲಿನ ತೆರಿಗೆಯ ಮಾತು ಮುಗಿಯಿತು, ಮುರಿದ ಸೇತುವೆಯ ಮಾತು ಮುಗಿಯಿತು, ಕಲ್ಲಿದ್ದಲಿನ ಬಾಬ್ತು ಒಬ್ಬರೂ ತಡೆಯದೆ ಪಾಸಾಯಿತು. ಸಭೆ ಸುಮ್ಮನಾದಾಗ, ಚೀಲದಲ್ಲಿದ್ದ ಕಾಗದ ತೆಗೆಯೋಣವೆಂದು ಪೆನ್ನಿಗೆ ಮುಚ್ಚಳ ಹಾಕಿ ಬಗ್ಗಿದಳು.

ಎದುರಿಗೆ ಕೂತಿದ್ದ ಬೈಸಲ್ ಅತಾ ಅದನ್ನು ನೋಡಿದರು. ಬರೆಯುವವಳೇ ಪೆನ್ನಿಟ್ಟಳು, ಅಂದಮೇಲೆ ಎಲ್ಲ ಮುಗಿಯಿತು ಎಂದುಕೊಂಡರು. ಊರಿಗೇ ಹಿರಿಯರು, ಎಂಬತ್ತೊಂದು ವರ್ಷದವರು, ಎಲ್ಲರಿಗೂ ಅತಾ, ಅಂದರೆ ತಂದೆ. ಎರಡೂ ಅಂಗೈ ಮೇಲಕ್ಕೆ ತೆರೆದು, ಸಭೆ ಮುಗಿಸುವ ಹಾರೈಕೆಯಾದ ಬಾತಾ ಹೇಳಿಬಿಟ್ಟರು.

"ಮಾಡಿದ ತೀರ್ಮಾನ ಒಳ್ಳೇದಾಗ್ಲಿ. ಚಳಿಗಾಲ ಸುಸೂತ್ರ ಕಳೀಲಿ. ಮಕ್ಕಳು ಬೆಚ್ಚಗಿರ್ಲಿ. ಓಮಿನ್."

"ಓಮಿನ್," ಎಂದು ಮೂವತ್ತು ಜನ ಮುಖ ಸವರಿಕೊಂಡರು. ಬುರುಲ್ ಬಗ್ಗಿದಲ್ಲಿಂದ ಎದ್ದಾಗ ಅವಳ ಕೈಗಳೂ ಮುಖದ ಮೇಲಿದ್ದವು. ನಡೆಯಲು ಕಲಿಯುವ ಮೊದಲೇ ಇದನ್ನು ಕಲಿತ ಕೈಗಳು, ಅವಳನ್ನು ಕೇಳಿ ಏಳಲಿಲ್ಲ.

ಹಿರಿಯರು ಹರಸಿ ಮುಗಿಸಿದ ಮಾತನ್ನು ಮತ್ತೆ ಕೆದಕಿದವರು ಆ ಊರಲ್ಲಿ ಇಲ್ಲ. ಜನ ಎದ್ದರು, ಕಂಬಳಿ ಟೊಪ್ಪಿ ಹುಡುಕಿಕೊಂಡರು, ಕುರಿ ಮನೆಗೆ ಬರುವ ಹೊತ್ತಾಯಿತೆಂದು ಹೊರಟರು.

ಬುರುಲ್ ಕೈಯಲ್ಲಿ ಕಾಗದ ಉಳಿಯಿತು. ವಿದ್ಯುತ್ ಕಚೇರಿಯಿಂದ ಬಂದದ್ದು. ಕಲ್ಲಿದ್ದಲಿನ ಬದಲು ವಿದ್ಯುತ್ತಿನಿಂದ ಕೋಣೆ ಕಾಯಿಸಲು ಶಿಶುವಿಹಾರಕ್ಕೆ ತಂದಿಟ್ಟಿರುವ ಹೊಸ ಹೀಟ್ ಪಂಪಿನ ಹೊರೆಯನ್ನು ಊರಿನ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ, ಏಪ್ರಿಲ್‌ವರೆಗೆ ಅದನ್ನು ಜೋಡಿಸುವಂತಿಲ್ಲ ಎಂದು ಅದರಲ್ಲಿತ್ತು. ಆಗಿನ್ನೂ ಅಕ್ಟೋಬರ್ ನಡುಭಾಗ.

ಮುಖ್ಯಸ್ಥ ತೊಲೊಮುಶ್‌ನನ್ನು ಅವಳು ಮೆಟ್ಟಿಲ ಹತ್ತಿರ ಹಿಡಿದಳು.

"ಅಣ್ಣ, ನಿನ್ನೆ ತೋರ್ಸಿದ ಕಾಗದ ಓದಿದ್ರಾ?"

"ಓದ್ದೆ. ಜಿಲ್ಲೆಗೆ ಫೋನ್ ಮಾಡಿದೀನಿ. ನೋಡೋಣ ಅಂದಿದಾರೆ."

"ನೋಡೋಣ ಅನ್ನೋದನ್ನ ಬಾಯ್ಲರ್‌ಗೆ ಹಾಕಕ್ಕಾಗಲ್ಲ."

ತೊಲೊಮುಶ್ ಕೋಟಿನ ಗುಂಡಿ ಹಾಕುವುದನ್ನು ನಿಲ್ಲಿಸಿದ. "ನಂಗೇನು ಮಕ್ಕಳ ಮೇಲೆ ಹಗೆನಾ? ಹನ್ನೆರಡು ಟನ್ ಕಲ್ಲಿದ್ದಲಿಗೆ ಒಂದು ಟನ್ ಜಾಸ್ತಿ ಬರೆದ್ರೂ ದುಡ್ಡು ಕೊಟ್ಟ ಆ ಹವಾಮಾನ ನಿಧಿಯವರು ಪಂಪನ್ನೂ ಹೊಸ ಕಿಟಕಿಗಳನ್ನೂ ಕಿತ್ಕೊಂಡು ಹೋಗ್ತಾರೆ. ಷರತ್ತು ಹಂಗಿದೆ. ಅರ್ಜಿ ಬರೆದೋರು ಯಾರು?"

"ನಾನು."

"ಈಗ ಒಳಗೆ ಓಮಿನ್ ಅಂದೋರು?"

ಅವಳು ಕಾಗದ ಮಡಚಿ ಚೀಲಕ್ಕೆ ಹಾಕಿದಳು. "ನಾಳೆ ಮಧ್ಯಾಹ್ನದೊಳಗೆ ನಡಾವಳಿ ಜಿಲ್ಲೆಗೆ ಹೋಗ್ಬೇಕು," ಎಂದು ಅವನು ಇಳಿದು ಹೋದ.

ಅರ್ಜಿ ಬರೆದವಳು ಅವಳೇ, ನಂಬಿಯೇ ಬರೆದಿದ್ದಳು. ಮದುವೆಯಾಗಿ ಬಂದ ವರ್ಷ ಅಡುಗೆಮನೆ ಕಿಟಕಿಯಿಂದ ಕಾಣುತ್ತಿದ್ದ ಹಿಮನದಿಯ ಜಾಗದಲ್ಲಿ ಈಗ ಬೂದು ಕಲ್ಲು. ಜನವರಿಯಲ್ಲಿ ಕಣಿವೆ ತುಂಬ ಹೊಗೆ ನಿಂತು ಹಿಮವೇ ಕಪ್ಪಾಗುತ್ತಿತ್ತು. ಪಂಚಾಯಿತಿ ಸುಡುವ ಮೂವತ್ತಾರು ಟನ್ ಕಲ್ಲಿದ್ದಲನ್ನು ಹನ್ನೆರಡಕ್ಕೆ ಇಳಿಸುತ್ತೇವೆ, ಇಷ್ಟು ಇಂಗಾಲ ಗಾಳಿಗೆ ಸೇರದೆ ಉಳಿಯುತ್ತದೆ ಎಂದು ಪಟ್ಟಿ ಮಾಡಿದ ದಿನ ಅವಳಿಗೆ ಹೆಮ್ಮೆಯೂ ಆಗಿತ್ತು. ಪಂಪು ಹೇಗೂ ಓಡುತ್ತದಲ್ಲ ಎಂದು ಆ ಹನ್ನೆರಡನ್ನು ಕಚೇರಿಗೆ ನಾಲ್ಕು, ಸಂಸ್ಕೃತಿ ಭವನಕ್ಕೆ ನಾಲ್ಕು, ಶಿಶುವಿಹಾರಕ್ಕೆ ನಾಲ್ಕು ಎಂದು ಹಂಚಿದ್ದಳು. ಟ್ರಾನ್ಸ್‌ಫಾರ್ಮರಿನ ಮಾತು ಅವಳಿಗೆ ಹೊಳೆದೇ ಇರಲಿಲ್ಲ. ಶಿಶುವಿಹಾರದಲ್ಲಿ ನಲವತ್ಮೂರು ಮಕ್ಕಳಿದ್ದರು. ಅದರಲ್ಲಿ ಒಂದು ಅವಳದು.

ಖಾಲಿ ಕಚೇರಿಯಲ್ಲಿ ನಡಾವಳಿ ಪುಸ್ತಕ ತೆರೆದು ಕೂತಳು. ಶಿಶುವಿಹಾರದ ಎದುರಿಗೆ 4 ಎಂದಿತ್ತು. ಅದರ ಎಡಕ್ಕೆ ಒಂದು ಗೀಟು ಎಳೆದರೆ 14. ಅವಳದೇ ಅಕ್ಷರ, ಅವಳದೇ ಶಾಯಿ. ಪೆನ್ನಿನ ಮುಚ್ಚಳ ತೆಗೆದಳು. ಒಟ್ಟು ತಪ್ಪುತ್ತದೆ, ಅದನ್ನೂ ತಿದ್ದಬೇಕು, ನಿಧಿಯವರಿಗೆ ಹೋಗುವ ಪ್ರತಿಯನ್ನೂ ತಿದ್ದಬೇಕು, ಆಮೇಲೆ ಪಂಪೇ ಹೋಗುತ್ತದೆ. ಮುಂದಿನ ಚಳಿಗಾಲವೂ ಇದೇ ಹೊಗೆ. ಮುಚ್ಚಳ ಹಾಕಿದಳು. ಕಾಗದ ತೆಗೆದುಕೊಂಡು ಬೈಸಲ್ ಅತಾ ಮನೆ ಕಡೆ ನಡೆದಳು.

ಅತಾ ಕುರಿ ದೊಡ್ಡಿಯ ಬಾಗಿಲಲ್ಲಿ ನಿಂತಿದ್ದರು.

"ಏನು ಸೊಸೆ, ಪಂಚಾಯಿತಿ ಲೆಕ್ಕ ಸಾಲ್ದೆ ನನ್ನ ಕುರಿ ಎಣಿಸಕ್ಕೆ ಬಂದ್ಯಾ?"

ಅವಳು ಕಾಗದ ಓದಿ ಹೇಳಿದಳು. ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. ಅವರು ದೊಡ್ಡಿಯ ಅಗಳಿಯನ್ನು ಹಾಕಿ, ತೆಗೆದು, ಮತ್ತೆ ಹಾಕಿದರು.

"ಆ ಯಂತ್ರ ಓಡ್ತಾ ಇದೆ ಅಂದ್ಕೊಂಡಿದ್ದೆ ನಾನು."

"ಗೋಣಿ ಸುತ್ತಿ ಇಟ್ಟಿದೆ, ಅತಾ."

"ನಾಕು ಟನ್ ಎಷ್ಟು ದಿನಕ್ಕೆ?"

"ನವೆಂಬರ್ ಕೊನೆಗೆ ಮುಗಿಯುತ್ತೆ."

"ನಾನು ಏನಂತ ಹರಸ್ದೆ?"

"ಮಕ್ಕಳು ಬೆಚ್ಚಗಿರ್ಲಿ ಅಂತ."

ಅತಾ ಅಗಳಿ ಬಿಟ್ಟು ಅವಳ ಕಡೆ ತಿರುಗಿದರು. "ಬಾಯಿ ಇರ್ಲಿಲ್ವಾ ನಿಂಗೆ ಆಗ?"

"ನಿಮ್ಮೆಲ್ಲರ ಮಾತು ಮುಗೀಲಿ ಅಂತ ಕಾದೆ."

"ಕಾದು ಕಾದು ನನ್ನ ಕೈ ಕೆಡಿಸಿಟ್ಟೆ. ಅರವತ್ತು ಮದುವೆಗೆ ಬಾತಾ ಕೊಟ್ಟಿದೀನಿ, ಎಷ್ಟೋ ಜನರನ್ನ ಮಣ್ಣಿಗೆ ಕಳಿಸಿದೀನಿ. ಒಂದು ಸಲಾನೂ ವಾಪಸ್ ತಗೊಂಡಿಲ್ಲ. ಹೋಗು ಮನೆಗೆ."

ಅಷ್ಟೇ. ಚಹಾ ಕುಡಿದು ಹೋಗು ಎಂದೂ ಅನ್ನಲಿಲ್ಲ. ಬಾಗಿಲಿಗೆ ಬಂದವರನ್ನು ಚಹಾ ಕೊಡದೆ ಕಳಿಸುವ ಮನೆ ಅಲ್ಲ ಅದು. ಬುರುಲ್‌ಗೆ ದಾರಿ ಕಾಣದಂತಾಯಿತು. ಮನೆಯಲ್ಲಿ ಮಗಳ ಉಣ್ಣೆ ಕಾಲುಚೀಲಗಳನ್ನು ಎಣಿಸಿ ನೋಡಿದಳು. ಮೂರು ಜೊತೆ ಇದ್ದವು. ಒಂದರ ಮೇಲೊಂದು ಮೂರನ್ನೂ ಹಾಕಿದರೆ ಬೂಟು ಹಿಡಿಸುವುದಿಲ್ಲ.

ಬೆಳಗ್ಗೆ ಕಚೇರಿಗೆ ಹೋದರೆ ಮುಂದೆ ಅತಾರ ಕುದುರೆ ಕಟ್ಟಿತ್ತು. ಮುಂಜಾನೆಯೇ ಮನೆಮನೆಗೆ ಹೋಗಿ ಸದಸ್ಯರನ್ನೆಲ್ಲ ಎಬ್ಬಿಸಿಕೊಂಡು ಬಂದಿದ್ದರು. ತೊಲೊಮುಶ್ ಗೋಡೆಗೆ ಒರಗಿ ನಿಂತಿದ್ದ, ಕಣ್ಣು ಕೆಂಪಾಗಿತ್ತು. ಎಲ್ಲರೂ ಒಳಗೆ ಕೂತ ಮೇಲೆ ಅತಾ ಮಾತ್ರ ಕೂರಲಿಲ್ಲ.

"ನಿನ್ನೆ ನನ್ನ ಕೈ ಬೇಗ ಎದ್ದುಬಿಡ್ತು," ಅಂದರು. "ಮಾತು ಬಾಕಿ ಇತ್ತು, ನಾನು ನೋಡ್ಲಿಲ್ಲ. ತಪ್ಪು ನಂದು."

ಯಾರೂ ಅವರ ಕಡೆ ನೋಡಲಿಲ್ಲ. ಒಬ್ಬ ಸದಸ್ಯ ಟೊಪ್ಪಿಯ ಅಂಚು ಬಿಡಿಸುತ್ತ ಕೂತ. ಅಂಥ ಮನುಷ್ಯನ ಬಾಯಲ್ಲಿ ಅಂಥ ಮಾತು ಕೇಳುವುದೇ ಎಲ್ಲರಿಗೂ ನಾಚಿಕೆಯಾಗಿತ್ತು. ಈ ನಾಚಿಕೆಗೆ ಕಾರಣ ತಾನೇ ಎಂದು ಬುರುಲ್‌ಗೆ ಕುತ್ತಿಗೆ ಬಿಸಿಯಾಯಿತು.

"ಹೇಳು ಸೊಸೆ. ನಿನ್ನೆಯದು."

ಅವಳು ಕಾಗದ ಓದಿದಳು. ತೊಲೊಮುಶ್ ಮಧ್ಯೆ ಬಾಯಿ ಹಾಕಿದ. "ಅತಾ, ನಿಮ್ಮ ಕಾಲಿಗೆ ಬೀಳ್ತೀನಿ. ಒಟ್ಟು ಮಾತ್ರ ಮುಟ್ಟಂಗಿಲ್ಲ. ಹನ್ನೆರಡು ಅಂದ್ರೆ ಹನ್ನೆರಡು."

"ಮುಟ್ಬೇಡ. ಈ ಕಟ್ಟಡಕ್ಕೆ ಎಷ್ಟು?"

"ನಾಕು."

"ಎಷ್ಟು ಜನ ಇರ್ತೀರಾ ಇಲ್ಲಿ?"

"ಐದು."

ಬುರುಲ್ ಈ ಸಲ ಕಾಯಲಿಲ್ಲ. "ನಮ್ಮ ನಾಕನ್ನೂ ಶಿಶುವಿಹಾರಕ್ಕೆ ಬರೀತೀನಿ," ಅಂದಳು. "ಸಂಸ್ಕೃತಿ ಭವನದ ನಾಕನ್ನೂ. ಒಟ್ಟು ಹನ್ನೆರಡೇ."

"ನನ್ನ ಮಗನ ಮದುವೆ ಡಿಸೆಂಬರ್‌ನಲ್ಲಿ ಆ ಭವನದಲ್ಲೇ ಇಟ್ಕೊಂಡಿದೀನಿ," ಅಂದ ಟೊಪ್ಪಿಯ ಸದಸ್ಯ.

"ಕೋಟ್ ಹಾಕ್ಕೊಂಡೇ ಕುಣಿ," ಎಂದು ಹಿಂದಿನಿಂದ ಯಾರೋ ಅಂದರು. "ನಿನ್ನ ಕುಣಿತಕ್ಕೆ ಅದೇ ಮರ್ಯಾದೆ."

ಒಂದಿಬ್ಬರು ನಕ್ಕರು. ತೊಲೊಮುಶ್ ನಗಲಿಲ್ಲ. "ಇಲ್ಲಿ ಮೈನಸ್ ಮೂವತ್ತಕ್ಕೆ ಶಾಯಿ ಗಟ್ಟಿಯಾಗುತ್ತೆ. ನೀನು ಯಾವುದ್ರಲ್ಲಿ ಬರೀತೀಯಾ?"

"ಪೆನ್ಸಿಲ್‌ನಲ್ಲಿ, ಅಣ್ಣ."

ಅವನು ಮುಖ ಒರೆಸಿಕೊಂಡು, ಎಲ್ಲರಿಗಿಂತ ಮೊದಲು ಕೈ ಎತ್ತಿದ. ಆಮೇಲೆ ಉಳಿದವರು ಎತ್ತಿದರು. ಕೊನೆಗೆ ಮದುವೆ ಮನೆಯವನೂ.

ಬುರುಲ್ ಹಳೆಯ ಅಂಕಿಗಳನ್ನು ಹೊಡೆದು ಹಾಕಿ, 0, 0, 12 ಎಂದು ಬರೆದಳು. ಎಲ್ಲರ ಕಣ್ಣು ಅತಾರ ಕೈಗಳ ಕಡೆ ಹೋಯಿತು. ಕೆಲವರು ಆಗಲೇ ಅಂಗೈ ಅರ್ಧ ತೆರೆದಿದ್ದರು. ಅತಾ ಈಗ ಕೂತಿದ್ದರು, ಕೈಗಳು ಮೊಣಕಾಲ ಮೇಲಿದ್ದವು. ಅವರು ಅವಳ ಪೆನ್ನನ್ನೇ ನೋಡುತ್ತಿದ್ದರು. ಅದಕ್ಕೆ ಮುಚ್ಚಳ ಹಾಕಿರಲಿಲ್ಲ.

"ಇನ್ನೇನಾದ್ರೂ ಬಾಕಿ ಇದೆಯಾ ಮಗಳೇ?"

ಇಲ್ಲ ಅಂದಿದ್ದರೆ ಎಲ್ಲರೂ ಬಾತಾ ಪಡೆದು ಮನೆಗೆ ಹೋಗುತ್ತಿದ್ದರು. ಅವಳಿಗೂ ಹೋಗಬೇಕೆನಿಸಿತ್ತು.

"ಇದೆ ಅತಾ. ಹೊಸ ಕಿಟಕಿ ಇದ್ರೂ ಹದಿನಾರು ಬೇಕು. ಈ ಹನ್ನೆರಡು ಫೆಬ್ರವರಿ ಇಪ್ಪತ್ತರವರೆಗೆ ಬರುತ್ತೆ."

"ಆಮೇಲೆ?"

"ಗೊತ್ತಿಲ್ಲ."

ಅವಳಿಗಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ. ಹೊರಗೆ ಕುದುರೆ ಕಾಲು ಬದಲಿಸುವುದು ಕೇಳಿಸಿತು. ತೆರೆದಿದ್ದ ಅಂಗೈಗಳು ಒಂದೊಂದಾಗಿ ಮುಚ್ಚಿಕೊಂಡು ಜೇಬಿಗೆ ಇಳಿದವು. ಮಾತು ಬಾಕಿ ಇರುವಾಗ ಅತಾ ಕೈ ಎತ್ತಲಿಲ್ಲ. ಗೋಡೆ ಹಿಡಿದು ಎದ್ದು, ಯಾರ ಮುಖವನ್ನೂ ನೋಡದೆ ಬಾಗಿಲ ಕಡೆ ನಡೆದರು. ಅವರ ಹಿಂದೆ ಜನ ಒಬ್ಬೊಬ್ಬರಾಗಿ ಹೊರಗೆ ಹೋದರು. ಹಾಗೆ ಬಾತಾ ಇಲ್ಲದೆ ಒಂದು ಸಭೆ ಚದುರಿದ್ದನ್ನು ಬುರುಲ್ ಆ ಊರಲ್ಲಿ ಕಂಡಿರಲಿಲ್ಲ.

ಅವಳು ಕೊನೆಯ ಸಾಲು ಬರೆದಳು: ಸಭೆ ಮುಗಿದಿಲ್ಲ. ಕೆಳಗೆ ಸಹಿ ಹಾಕಿ, ಜಿಲ್ಲೆಗೆ ಹೋಗುವ ಗಾಡಿಗೆ ಪುಸ್ತಕ ಕೊಟ್ಟು ಬಂದು, ಇನ್ನು ಮೇಲೆ ಹೊತ್ತಿಸುವಂತಿಲ್ಲದ ಕಚೇರಿಯ ಒಲೆಯಲ್ಲಿ ಉಳಿದಿದ್ದ ಕೆಂಡವನ್ನು ಬಕೆಟ್ಟಿಗೆ ಎತ್ತಿದಳು. ಶಿಶುವಿಹಾರ ನೂರು ಹೆಜ್ಜೆ. ಕೆಂಡ ಆರುವ ಮೊದಲು ಅಲ್ಲಿಗೆ ತಲುಪಬೇಕೆಂದು ಬಿರಬಿರನೆ ನಡೆದಳು.